ತುದಿಯ ಹಣ್ಣು ತಿಂದು ನೋಡಿ

ಎಲ್ಲರಿಗೂ ನಮಸ್ಕಾರ. ಚಪ್ಪರದ ಕೆಳಗೆ ಜಮಖಾನ ಹಾಸಿ ಕೂತಿದ್ದೀರಿ, ತಲೆಯ ಮೇಲೇ ದ್ರಾಕ್ಷಿ ಗೊಂಚಲು ತೂಗುತ್ತಿವೆ, ಮಕ್ಕಳ ಕಣ್ಣೆಲ್ಲ ಅಲ್ಲೇ ಇದೆ. ಇರಲಿ, ಇವತ್ತಿನ ದ್ರಾಕ್ಷಿ ಕೊಯ್ಲಿನ ಹಬ್ಬ ಅವರದ್ದೇ.

ಹೋದ ವಾರ ನಾವು ಬೆಳೆಗಾರರು ಸೇರಿದ್ದಾಗ, ತೊಟ್ಟಿಗಿಳಿದು ದ್ರಾಕ್ಷಿ ತುಳಿಯುವ ಆಟ ಇಡಲೇಬೇಕು ಅಂತ ಮಾತಾಯಿತು. ನಂದಿ ಬೆಟ್ಟದ ಸುತ್ತ ಇರುವ ವೈನ್ ತೋಟಗಳಲ್ಲಿ ಅದಕ್ಕೇ ಜನ ಬರುತ್ತಾರೆ ಅಂದರು. ಇಡೋಣ, ನನ್ನದೇನೂ ತಕರಾರಿಲ್ಲ. ಆದರೆ ಒಂದಕ್ಕೆ ಹಟ ಹಿಡಿದೆ. ತುಳಿಯುವ ಮೊದಲು ಪ್ರತಿ ಮಗುವೂ ತನ್ನ ಕೈಯಾರೆ ಒಂದು ಗೊಂಚಲು ಕೊಯ್ಯಬೇಕು, ಅದರ ತುದಿಯ ಹಣ್ಣು ತಿನ್ನಬೇಕು.

ತುದಿಯದ್ದೇ ಯಾಕೆ? ಅದು ನಮ್ಮ ಅಜ್ಜಿಯ ಲೆಕ್ಕ. ವ್ಯಾಪಾರಿ ಬಂದು, ಬಣ್ಣ ಬಂದಿದೆ, ನಾಳೆ ಕೊಯ್ತೀವಿ ಅಂದರೆ ಅಜ್ಜಿ ಸುಮ್ನೆ ಎದ್ದು ಹೋಗಿ ಗೊಂಚಲಿನ ಕೆಳತುದಿಯ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮೇಲಿನ ಹಣ್ಣು ಮೊದಲು ಮಾಗುತ್ತದೆ, ತುದಿಯದ್ದು ಕೊನೆಗೆ. ತುದಿ ಸಿಹಿಯಾಗಿದ್ದರೆ ಗೊಂಚಲೆಲ್ಲ ಸಿಹಿ. ಹುಳಿ ಇದ್ದರೆ, 'ಇನ್ನೊಂದು ವಾರ ಬಿಡಪ್ಪ' ಅನ್ನುತ್ತಿದ್ದರು. ಈಗ ನಮ್ಮ ಹತ್ತಿರ ರಸದ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ಇದೆ, ಆದರೂ ಮೀಟರಿಗೆ ರಸ ಹಿಂಡುವಾಗ ತುದಿಯ ಹಣ್ಣನ್ನೂ ಸೇರಿಸಬೇಕು. ಮಾವಿನಕಾಯಿ ತರಹ ಹುಲ್ಲಿನಲ್ಲಿಟ್ಟು ಹಣ್ಣು ಮಾಡಲು ದ್ರಾಕ್ಷಿಗೆ ಆಗುವುದಿಲ್ಲ, ಅಲ್ವಾ? ಬಳ್ಳಿಯಿಂದ ಕತ್ತರಿಸಿದ ಮೇಲೆ ಅದು ಒಂದು ಚೂರೂ ಸಿಹಿಯಾಗುವುದಿಲ್ಲ. ರೇಟು ಚೆನ್ನಾಗಿದೆ ಅಂತ ನಾವು ಬೇಗ ಕೊಯ್ದರೆ, ದ್ರಾಕ್ಷಿ ಅಂದರೆ ಹುಳಿ ಅಂತಲೇ ಪೇಟೆಯ ಮಗು ತಿಳಿದುಕೊಳ್ಳುತ್ತದೆ.

2020ರ ಮಾರ್ಚ್ ನಿಮಗೆಲ್ಲ ನೆನಪಿದೆ. ಹಣ್ಣು ಮಾಗಿ ನಿಂತಿತ್ತು, ಲಾಕ್‌ಡೌನ್ ಬಂತು, ಲಾರಿ ಬರಲಿಲ್ಲ. ಚಿಕ್ಕಬಳ್ಳಾಪುರದ ಕಡೆ ಎಷ್ಟೋ ತೋಟಗಳ ಹಣ್ಣು ತಿಪ್ಪೆಗೆ ಹೋಯಿತು. ನಾನು ಮನೆಯೊಳಗೆ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದೆ. ಅಜ್ಜಿ ಊರಿನ ಮಕ್ಕಳನ್ನು ಇಬ್ಬರು ಮೂವರಂತೆ ಕರೆದು, ದೂರ ದೂರದ ಸಾಲಿಗೆ ಬಿಟ್ಟು, 'ತುದೀದು ತಿಂದು ನೋಡ್ರೋ, ಸಿಹಿ ಇದ್ರೆ ಕುಯ್ಕೊಳ್ಳಿ' ಅಂದರು. ಏಳು ವರ್ಷದ ಹುಡುಗಿಯೊಬ್ಬಳು ಹತ್ತು ಗೊಂಚಲಿನ ತುದಿ ತಿಂದು ಹತ್ತೂ ಸಿಹಿ ಅಂತ ಹೇಳಿ ಹನ್ನೊಂದನೆಯದಕ್ಕೆ ಹೊರಟಿದ್ದಳು! ತುಟಿ, ಲಂಗ ಎಲ್ಲ ನೇರಳೆ. ಆ ತಿಂಗಳಲ್ಲಿ ನಾನು ನಕ್ಕಿದ್ದು ಅವತ್ತೊಂದೇ ದಿನ. ಅಂಥ ದಿನ ವರ್ಷಕ್ಕೊಂದಾದರೂ ಇರಬೇಕು ಅಂತ ಆಗಲೇ ಅನ್ನಿಸಿತ್ತು.

ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಬೀಜ ಇದೆ, ಸಿಪ್ಪೆ ದಪ್ಪ, ಒತ್ತಿದರೆ ತಿರುಳು ಜಾರಿ ಬಾಯಿಗೆ ಬೀಳುತ್ತದೆ, ಘಮವಂತೂ ಬೇರೆ ಯಾವ ದ್ರಾಕ್ಷಿಗೂ ಇಲ್ಲ. ಬೀಜ ಇಲ್ಲದ್ದೇ ಬೇಕು ಅನ್ನುವ ಮಕ್ಕಳು ಇದರ ರುಚಿ ನೋಡದೆಯೇ ದೊಡ್ಡವರಾಗುತ್ತಿದ್ದಾರೆ. 2008ರಲ್ಲಿ ದೇವನಹಳ್ಳಿಗೆ ಏರ್‌ಪೋರ್ಟ್ ಬಂದ ಮೇಲೆ ಸುತ್ತಮುತ್ತ ಎಷ್ಟು ಚಪ್ಪರ ಇಳಿದವು, ಎಷ್ಟು ಕಲ್ಲುಕಂಬ ಸೈಟಿನ ಬೇಲಿಯಾದವು ಅಂತ ನಾನು ನಿಮಗೆ ಹೇಳಬೇಕಿಲ್ಲ. ಅದಕ್ಕೇ ಮತ್ತೆ ಅದೇ ಮಾತಿಗೆ ಬರುತ್ತೇನೆ, ತುದಿಯ ಹಣ್ಣು ತಿನ್ನಿಸಿ.

ವರ್ಷಕ್ಕೆ ಎರಡು ಬೆಳೆ ಹೇಗೆ ಬರುತ್ತದೆ ಅಂತಲೂ ಮಕ್ಕಳಿಗೆ ಹೇಳಬೇಕು ಅಂದುಕೊಂಡಿದ್ದೆ. ಚಳಿ ದೇಶದಲ್ಲಿ ಬಳ್ಳಿ ಚಳಿಗಾಲವೆಲ್ಲ ಮಲಗುತ್ತದೆ, ಇಲ್ಲಿ ಮಲಗುವುದಿಲ್ಲ, ನಾವು ಸವರಿದಾಗ ಹೊಸ ಚಿಗುರು ಬಂದು ಅದರಲ್ಲೇ ಗೊಂಚಲು ಬಿಡುತ್ತದೆ. ಚೀಟಿ ಬಂತು, ಊಟ ರೆಡಿಯಂತೆ. ರಸ, ಜಾಮ್ ಮಾಡುವುದನ್ನು ಆ ಕಡೆ ಒಲೆಯ ಹತ್ತಿರ ನಮ್ಮ ಹೆಣ್ಣುಮಕ್ಕಳೇ ತೋರಿಸುತ್ತಾರೆ.

ಒಂದೇ ಮಾತು. ಹಣ್ಣಿನ ಮೇಲೆ ಬೂದಿಯಂತೆ ಕಾಣುವುದು ಹಣ್ಣು ತಾನೇ ಮಾಡಿಕೊಳ್ಳುವ ಮೇಣ, ಗಾಬರಿ ಬೇಡ. ಹಬ್ಬಕ್ಕೆ ಅಂತ ಇಟ್ಟ ಸಾಲುಗಳಿಗೆ ಔಷಧಿ ಹೊಡೆಯುವುದನ್ನು ಮೊದಲೇ ನಿಲ್ಲಿಸಿದ್ದೇವೆ, ಆದರೂ ಬಕೆಟ್ಟಿನ ನೀರಲ್ಲಿ ತೊಳೆದೇ ತಿನ್ನಿ. ಕತ್ತರಿ ದೊಡ್ಡವರ ಕೈಯಲ್ಲಿರಲಿ, ಮಗುವಿನ ಕೈ ಅದರ ಮೇಲಿರಲಿ. ಮೂರನೇ ಸಾಲಿನಿಂದ ಶುರು ಮಾಡೋಣ. ಚಪ್ಪರ ಎಟುಕದ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಿ.