ಮೊದಲನೆಯ ವೇಷ

ಕೇಳುಗರಿಗೆ ನಮಸ್ಕಾರ.

ಯಕ್ಷಗಾನದಲ್ಲಿ ಭಾಗವತರನ್ನು ಮೊದಲನೆಯ ವೇಷ ಎನ್ನುತ್ತಾರೆ. ಅವರು ಬಣ್ಣ ಹಚ್ಚುವುದಿಲ್ಲ, ಕಿರೀಟ ಕಟ್ಟುವುದಿಲ್ಲ. ಮುಂಡಾಸು ಸುತ್ತಿ, ತಾಳವನ್ನೋ ಜಾಗಟೆಯನ್ನೋ ಹಿಡಿದು ಹಾಡುತ್ತಾರೆ. ಆದರೂ ಇಡೀ ಆಟ ಅವರ ಹಿಡಿತದಲ್ಲಿರುತ್ತದೆ. ಮುಂದೆ ನಿಂತು ನಡೆಸುವವರು ಎಷ್ಟು ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ಮಾತು ಬಂದಾಗ ನನಗೆ ನೆನಪಾಗುವವರು ಭಾಗವತರೇ.

ಇದನ್ನು ಮಾಡು, ಹೀಗೆ ಮಾಡು, ಇಷ್ಟು ಹೊತ್ತಿಗೆ ಮುಗಿಸು ಎಂದು ಬಿಡಿಸಿ ಹೇಳುವ ಗುಣಕ್ಕೆ ನಿರ್ದೇಶನಶೀಲತೆ ಎಂಬ ಭಾರವಾದ ಹೆಸರಿದೆ. ಹಾಗೆ ಹೇಳುವುದೆಂದರೆ ದರ್ಪ ತೋರಿಸುವುದು ಎಂದು ಅನೇಕರು ಹಿಂಜರಿಯುತ್ತಾರೆ. ಆದರೆ ಆಡಬೇಕಾದ ಪ್ರಸಂಗದ ಕಥೆ ಗೊತ್ತಿಲ್ಲದ ಹುಡುಗನೊಬ್ಬ ಬಣ್ಣ ಹಚ್ಚುವ ಚೌಕಿಯಲ್ಲಿ ತನ್ನ ಪಾತ್ರದ ನಡೆ ಕೇಳಲು ಬಂದಾಗ, "ನಿನಗೆ ತೋಚಿದ ಹಾಗೆ ಮಾಡು ಮಾರಾಯ" ಎಂದುಬಿಟ್ಟರೆ? ಅದು ನಡುನೀರಿನಲ್ಲಿ ಕೈಬಿಟ್ಟಂತೆ. ಬಲ್ಲ ಭಾಗವತರು ಹಾಗೆ ಮಾಡುವುದಿಲ್ಲ. "ಈ ಪದ್ಯಕ್ಕೆ ನಿನ್ನ ಪ್ರವೇಶ. ಇಷ್ಟು ಕುಣಿ. ಎದುರಿನ ವೇಷ ಹೀಗೆ ಕೇಳುತ್ತದೆ, ಅದಕ್ಕೆ ಉತ್ತರ ಕೊಟ್ಟು ನಿಲ್ಲಿಸು. ಮುಂದಿನ ಪದ್ಯ ನಾನು ಎತ್ತುತ್ತೇನೆ." ಇಷ್ಟು ಕೇಳಿದ ಹುಡುಗನ ಎದೆಯ ಡವಡವ ಅರ್ಧ ಇಳಿಯುತ್ತದೆ. ನನ್ನ ಮಟ್ಟಿಗೆ ಅದೇ ನಿಜವಾದ ಕರುಣೆ.

ಮೇಳದೊಂದಿಗೆ ಇಪ್ಪತ್ತು ವರ್ಷದ ತಿರುಗಾಟ ಕಂಡ ಕಲಾವಿದರಿಗೆ ಇದನ್ನೇ ಹೇಳಿದರೆ ಅವಮಾನವಾದೀತು. ಪದ್ಯ ಪ್ರಸಂಗದಲ್ಲಿ ಬರೆದದ್ದು. ಅದರ ಮೇಲೆ ಆಡುವ ಮಾತು, ಅಂದರೆ ಅರ್ಥ ಮಾತ್ರ ಆ ರಾತ್ರಿ, ಆ ಕಲಾವಿದನ ಬಾಯಲ್ಲೇ ಹುಟ್ಟಬೇಕು. ಅಲ್ಲಿ ಭಾಗವತರು ಜಾಗ ಬಿಟ್ಟುಕೊಡುತ್ತಾರೆ. ಮಾತು ಹಳಿ ತಪ್ಪಿ ಬೆಳೆಯತೊಡಗಿದರೆ ಬೈಯುವುದಿಲ್ಲ, ಮುಂದಿನ ಪದ್ಯ ಎತ್ತುತ್ತಾರೆ. ಕಾಲಮಿತಿಯ ಆಟಗಳಲ್ಲಂತೂ ಈ ಹಿಡಿತ ಇನ್ನಷ್ಟು ಬಿಗಿಯಾಗಬೇಕು.

ನಾಯಕತ್ವವನ್ನು ಅಧ್ಯಯನ ಮಾಡಿದ ರಾಬರ್ಟ್ ಹೌಸ್ 1971ರಲ್ಲಿ ಮಂಡಿಸಿದ ಸಿದ್ಧಾಂತವೂ ಇದಕ್ಕೆ ಹತ್ತಿರದ್ದೇ. ಕೆಲಸ ಅಸ್ಪಷ್ಟವಾಗಿದ್ದಾಗ ಸ್ಪಷ್ಟ ಸೂಚನೆ ಜನರ ಗೊಂದಲ ಕಳೆಯುತ್ತದೆ. ದಾರಿ ಗೊತ್ತಿರುವವರಿಗೆ ಅದೇ ಸೂಚನೆ ಕಾವಲಿನಂತೆ ಕಾಣುತ್ತದೆ.

ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ ಎಡವುವುದು ಇಲ್ಲೇ. ಕೆಲಸಕ್ಕೆ ಸೇರಿದ ಮೊದಲ ದಿನ ಏನನ್ನೂ ಹೇಳಿಕೊಡದವರು, ಐದು ವರ್ಷದ ಬಳಿಕ ಪ್ರತಿ ಪತ್ರದಲ್ಲೂ ಅಲ್ಪವಿರಾಮ ತಿದ್ದುತ್ತಾರೆ. ಹೇಳಬೇಕಾದ ಹೊತ್ತಿನ ಮೌನ ಹೊಸಬರನ್ನು ಎಷ್ಟು ಒಂಟಿಯಾಗಿಸುತ್ತದೆ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಮೂರು ತಿರುಗಾಟ ಕಳೆದು ಅದೇ ಹುಡುಗ ಮತ್ತೆ ಚೌಕಿಗೆ ಬಂದು, "ಭಾಗವತರೇ, ಇವತ್ತಿನ ನಡೆ?" ಎನ್ನುತ್ತಾನೆ. "ನೀನು ಹೇಗೆ ಮಾಡಬೇಕೆಂದಿದ್ದಿ? ಹೇಳು, ಕೇಳುತ್ತೇನೆ" ಎನ್ನುತ್ತಾರೆ ಅವರು.

ನಮಸ್ಕಾರ.