ಸಾಲಗಾರನ ಹೆಸರಿನ ಸಾಹುಕಾರ

ಕೇಳುಗರೇ, ನಮಸ್ಕಾರ.

ಋಣ ಅಂದರೆ ನಮ್ಮಲ್ಲಿ ಸಾಲ. ಆದರೆ ರಸಾಯನಶಾಸ್ತ್ರದವರು ಋಣ ವಿದ್ಯುದಾವೇಶದ ಅರ್ಥದಲ್ಲಿ 'ಋಣ ಇಂಗಾಲ' ಎಂದಾಗ ಆ ಪರಮಾಣುವಿನ ಕೈ ಖಾಲಿಯೇನೂ ಇರುವುದಿಲ್ಲ. ಯಾವ ಬಂಧಕ್ಕೂ ಸೇರದ ಒಂದು ಜೋಡಿ ಎಲೆಕ್ಟ್ರಾನ್ ಅದರ ಹತ್ತಿರ ಉಳಿದಿರುತ್ತದೆ, ಕೊಡಲು ತುದಿಗಾಲಲ್ಲಿ ನಿಂತಿರುತ್ತದೆ. ಇದಕ್ಕೆ ಕಾರ್ಬಾನಯಾನ್ ಎಂದು ಹೆಸರು.

ಇದಕ್ಕೆ ನೀರೆಂದರೆ ಆಗದು. ಒಂದು ಹನಿ ಸಿಕ್ಕರೂ ಅದರಿಂದ ಪ್ರೋಟಾನ್, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಜಲಜನಕ, ಕಿತ್ತುಕೊಂಡು ತೆಪ್ಪಗಾಗಿಬಿಡುತ್ತದೆ. 1900ರಲ್ಲಿ ಫ್ರಾನ್ಸಿನ ವಿಕ್ತೋರ್ ಗ್ರಿನ್ಯಾರ್ ಮೆಗ್ನೀಸಿಯಮ್ ಬಳಸಿ ಹೆಚ್ಚುಕಡಿಮೆ ಇದೇ ಗುಣದ ಇಂಗಾಲವನ್ನು ಪಳಗಿಸಿದರು. 1912ರಲ್ಲಿ ನೊಬೆಲ್ ಬಂತು. ಇವತ್ತಿಗೂ ಆ ಪ್ರಯೋಗಕ್ಕೆ ಬಳಸುವ ಈಥರ್ ಎಂಬ ದ್ರಾವಕದಲ್ಲಿ ನೀರಿನ ಪಸೆ ಇರಬಾರದು, ಗಾಜಿನ ಪಾತ್ರೆಯೂ ಒಣಗಿರಬೇಕು.

ಹಾಗಿದ್ದರೆ ಬಹುಪಾಲು ನೀರೇ ತುಂಬಿದ ನಮ್ಮ ಮೈಯಲ್ಲಿ ಇದಕ್ಕೇನು ಕೆಲಸ?

1890ರ ಸುಮಾರಿಗೆ ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಒಂದು ವಿಚಿತ್ರ ಕಂಡರು. ಪಾಲಿಶ್ ಅಕ್ಕಿಯ ಅನ್ನ ತಿಂದ ಕೋಳಿಗಳ ಕಾಲು ಸೋಲುತ್ತಿತ್ತು, ನರಗಳನ್ನು ಸೋಲಿಸುವ ಬೆರಿಬೆರಿ ಎಂಬ ಕಾಯಿಲೆಯ ರೋಗಿಗಳ ಹಾಗೆಯೇ. ತವುಡು ಹೋಗದ ಅಕ್ಕಿ ಕೊಟ್ಟರೆ ಮತ್ತೆ ಚೇತರಿಸಿಕೊಳ್ಳುತ್ತಿದ್ದವು. ತವುಡಿನಲ್ಲಿದ್ದದ್ದು ಥಯಾಮಿನ್, ಬಿ1 ಜೀವಸತ್ವ.

ಅದು ಕೆಲಸ ಮಾಡುವ ಬಗೆ ತಿಳಿಯಲು 1958 ಬರಬೇಕಾಯಿತು. ಅಮೆರಿಕದ ರೊನಾಲ್ಡ್ ಬ್ರೆಸ್ಲೋ ಥಯಾಮಿನ್ ಅನ್ನು ಭಾರಜಲದಲ್ಲಿ, ಅಂದರೆ ಜಲಜನಕದ ಬದಲು ಅದರ ಭಾರವಾದ ರೂಪ ಡ್ಯೂಟೀರಿಯಮ್ ಇರುವ ನೀರಿನಲ್ಲಿ, ಕರಗಿಸಿ ನೋಡಿದರು. ಅಣುವಿನಲ್ಲಿ ಒಂದು ಉಂಗುರವಿದೆ; ಅದರಲ್ಲಿ ಒಂದು ಪಕ್ಕ ಸಾರಜನಕ, ಇನ್ನೊಂದು ಪಕ್ಕ ಗಂಧಕ, ನಡುವೆ ಒಂದು ಇಂಗಾಲ. ಆ ಇಂಗಾಲದ ಜಲಜನಕ ಹೋಗಿ ಅಲ್ಲಿ ಭಾರಜಲದ ಡ್ಯೂಟೀರಿಯಮ್ ಬಂದು ಕೂತಿತ್ತು! ಅಂದರೆ ಇಂಗಾಲ ನೀರಿನೊಳಗೇ ಪ್ರೋಟಾನನ್ನು ಬಿಟ್ಟುಕೊಟ್ಟು, ಎಲೆಕ್ಟ್ರಾನ್ ಜೋಡಿಯನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಿತ್ತು, ಕ್ಷಣಕಾಲಕ್ಕಾದರೂ. ಪಕ್ಕದ ಸಾರಜನಕದ ಧನಾವೇಶವೇ ಅದಕ್ಕೆ ಆಸರೆ. ನನ್ನ ಮಟ್ಟಿಗೆ ಇಷ್ಟು ಸರಳವಾಗಿ ಇಷ್ಟು ದೊಡ್ಡ ಗುಟ್ಟು ಬಿಡಿಸಿದ ಪ್ರಯೋಗಗಳು ಕಡಿಮೆ.

ಸಕ್ಕರೆ ಒಡೆದಾಗ ಬರುವ ಪೈರುವೇಟನ್ನು ಈ ಇಂಗಾಲ ಹಿಡಿಯುತ್ತದೆ; ಪೈರುವೇಟ್ ಆಗ ಇಂಗಾಲದ ಡೈಆಕ್ಸೈಡನ್ನು ಕಳಚುತ್ತದೆ. ಹಿಂದುಳಿಯುವ ಎಲೆಕ್ಟ್ರಾನ್ ಜೋಡಿಗೆ ಉಂಗುರದ ಸಾರಜನಕವೇ ಜಾಗ ಕೊಡುತ್ತದೆ. ಯೀಸ್ಟಿನಲ್ಲಿ ಹೀಗೆ ಹೊರಬಿದ್ದ ಅನಿಲದಿಂದಲೇ ಬೇಕರಿಯ ಬನ್ನು ಉಬ್ಬುವುದು. ನಮ್ಮಲ್ಲಿ ಇದೇ ಹೆಜ್ಜೆಯಿಂದ ನರಕ್ಕೂ ಹೃದಯಕ್ಕೂ ಶಕ್ತಿ. ಬೆರಿಬೆರಿ ಮೊದಲು ಕಾಡುವುದು ಅವನ್ನೇ.

ಕರಾವಳಿಯವರ ಕುಚ್ಚಲಕ್ಕಿಯಲ್ಲಿ ಭತ್ತ ಬೇಯುವಾಗ ಥಯಾಮಿನ್ ಕಾಳಿನ ಒಳಕ್ಕೆ ಇಳಿದಿರುತ್ತದೆ. ಬೆಳ್ತಿಗೆ ಅಕ್ಕಿ ಉಣ್ಣುವ ನಾವು, ಉಳಿದ ಚೂರುಪಾರನ್ನೂ ಮೂರು ಸಲ ತೊಳೆದು ಹಸುವಿನ ಕಲಗಚ್ಚಿಗೆ ಸುರಿಯುತ್ತೇವೆ.

ನಮಸ್ಕಾರ.