ಮುಖದ ಕ್ರೀಮು: ಡಬ್ಬಿಯ ಹಿಂಬದಿ ಓದೋಣ

(ದಾವಣಗೆರೆಯಲ್ಲಿ ಮಹಿಳಾ ಮಂಡಳಿಯೊಂದರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮುಖದ ಚರ್ಮ ಕಾಪಾಡಿಕೊಳ್ಳುವುದು ಹೇಗೆ ಅಂತ ಕೇಳೋಕೆ ಮಧ್ಯಾಹ್ನ ಮೂರು ಗಂಟೆಯ ದಾವಣಗೆರೆ ಬಿಸಿಲಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದಿದ್ದೀರಿ. ಮುಂದಿನ ಸಲ ಸಂಜೆ ಆರಕ್ಕೆ ಇಟ್ಟುಕೊಳ್ಳೋಣ ಅಂತ ಅಧ್ಯಕ್ಷರಿಗೆ ಆಗಲೇ ಹೇಳಿದ್ದೇನೆ.

ನಾನು ಚರ್ಮದ ಡಾಕ್ಟರಲ್ಲ. ಫಾರ್ಮಸಿ ಪಾಠ ಹೇಳುವವಳು. ಹಾಗಾಗಿ ನಿಮ್ಮ ಮುಖ ನೋಡಿ ಇದು ಹಚ್ಚಿ, ಅದು ಬಿಡಿ ಅಂತ ಹೇಳುವುದಿಲ್ಲ. ಡಬ್ಬಿಯೊಳಗೆ ಏನಿದೆ, ಅದು ಚರ್ಮದಲ್ಲಿ ಏನು ಮಾಡುತ್ತದೆ, ದುಡ್ಡಿಗೆ ತಕ್ಕ ಕೆಲಸ ಆಗುತ್ತದೋ ಇಲ್ಲವೋ, ಇಷ್ಟು ಹೇಳಬಲ್ಲೆ.

ಜಾಹೀರಾತಿನಲ್ಲಿ ಏನು ತೋರಿಸುತ್ತಾರೆ? ಸುಕ್ಕು. ಕಣ್ಣಿನ ಪಕ್ಕ ಗೆರೆ, ಹಣೆಯ ಮೇಲೆ ಗೆರೆ. ಈ ಚಿಂತೆ ಹುಟ್ಟಿದ್ದು ಬಿಳಿ ಚರ್ಮದವರ ನಾಡಿನಲ್ಲಿ. ಅವರಿಗೆ ಸುಕ್ಕು ಬೇಗ ಬರುತ್ತದೆ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಮೆಲನಿನ್, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ವಸ್ತು, ಜಾಸ್ತಿ. ಅದು ಬಿಸಿಲನ್ನು ಒಂದಿಷ್ಟು ತಡೆಯುತ್ತದೆ. ಆದ್ದರಿಂದ ನಮಗೆ ಸುಕ್ಕು ತಡವಾಗಿ ಬರುತ್ತದೆ. ಮೊದಲು ಬರುವುದು ಕಲೆ. ಕೆನ್ನೆ ಮೇಲೆ ಭಂಗು, ಕಣ್ಣ ಸುತ್ತ ಕಪ್ಪು, ಹಣೆ ಒಂದು ಬಣ್ಣ ಗಲ್ಲ ಒಂದು ಬಣ್ಣ. ನಲವತ್ತು ದಾಟಿದ ನಮ್ಮ ಹೆಂಗಸರು ಕನ್ನಡಿ ನೋಡಿ ಬೇಜಾರಾಗುವುದು ಇದಕ್ಕೇ ಅಲ್ವಾ?

ಇನ್ನೊಂದು ವಿಷಯ. ಮೆಲನಿನ್ ತಯಾರಿಸುವ ಜೀವಕೋಶಗಳಿಗೆ ತಾಳ್ಮೆ ಕಡಿಮೆ. ಬಿಸಿಲು ಬಿದ್ದರೂ, ಶಾಖ ತಗುಲಿದರೂ, ಉಜ್ಜಿದರೂ, ಉರಿ ಹತ್ತಿದರೂ ಅವು ಬಣ್ಣ ಸುರಿಸುತ್ತವೆ. ಮಂಡಕ್ಕಿ ಭಟ್ಟಿಯ ಶಾಖಕ್ಕೂ ಭಂಗು ಗಾಢವಾಗಬಹುದು. ಹೀಗಾಗಿ ಕ್ರೀಮು ಆರಿಸುವಾಗ ನಮ್ಮ ಲೆಕ್ಕವೇ ಬೇರೆ ಆಗಬೇಕು. ಯಾವುದು ಮುಖಕ್ಕೆ ಉರಿ ತರುತ್ತದೋ ಅದು ನಮಗೆ ಕಲೆಯನ್ನೂ ತರಬಹುದು. 'ಸ್ವಲ್ಪ ಉರಿದರೆ ಕೆಲಸ ಮಾಡ್ತಿದೆ ಅಂತ ಅರ್ಥ' ಅಂತ ಪಾರ್ಲರಿನಲ್ಲಿ ಹೇಳುತ್ತಾರೆ. ನಂಬಬೇಡಿ. ನಿಂಬೆಹಣ್ಣು ಹಿಂಡಿ ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋಗುವುದನ್ನೂ ಇವತ್ತೇ ಬಿಡಿ. ನಿಂಬೆಯಲ್ಲಿರುವ ಕೆಲವು ಅಂಶಗಳು ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಡುತ್ತವೆ.

ಹಾಗಾದರೆ ಮೊದಲು ಕೊಳ್ಳಬೇಕಾದ್ದು ಯಾವುದು? ಸನ್‌ಸ್ಕ್ರೀನ್. ದುಡ್ಡು ಒಂದೇ ಟ್ಯೂಬಿಗೆ ಸಾಲುವಷ್ಟಿದ್ದರೆ ಅದನ್ನೇ ತೆಗೆದುಕೊಳ್ಳಿ.

ಬಿಸಿಲಿನಲ್ಲಿ ನಮಗೆ ಕಾಣದ ಎರಡು ಥರದ ಕಿರಣಗಳು ಚರ್ಮ ಮುಟ್ಟುತ್ತವೆ. ಯುವಿಬಿ ಚರ್ಮ ಸುಡುತ್ತದೆ. ಯುವಿಎ ಸುಡುವುದಿಲ್ಲ, ಸದ್ದಿಲ್ಲದೆ ಒಳಗೆ ಇಳಿದು ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಎಳೆಗಳನ್ನು ಹಾಳುಮಾಡುತ್ತದೆ. ಅದು ಗಾಜಿನೊಳಗಿಂದಲೂ ಬರುತ್ತದೆ. ಅಮೆರಿಕದ ಒಬ್ಬ ಟ್ರಕ್ ಚಾಲಕನ ಫೋಟೋ 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 69 ವರ್ಷದ ಮನುಷ್ಯ, 28 ವರ್ಷ ಲಾರಿ ಓಡಿಸಿದವನು. ಕಿಟಕಿ ಕಡೆಯ ಎಡಗೆನ್ನೆ ಜೋತುಬಿದ್ದು ಸುಕ್ಕುಗಟ್ಟಿತ್ತು. ಬಲಗೆನ್ನೆ ಅದಕ್ಕಿಂತ ಎಷ್ಟೋ ಚಿಕ್ಕ ವಯಸ್ಸಿನವನ ಕೆನ್ನೆಯ ಹಾಗಿತ್ತು. ಒಂದೇ ಮುಖ, ಎರಡು ವಯಸ್ಸು. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕೆ. ಹುಬ್ಬಳ್ಳಿ ಕಡೆ, ಬೆಂಗಳೂರು ಕಡೆ ಹೈವೇಯಲ್ಲಿ ದಿನಾ ಓಡಾಡುವ ಚಾಲಕರ ಬಲಗೆನ್ನೆ ಸ್ವಲ್ಪ ಗಮನಿಸಿ.

ಸನ್‌ಸ್ಕ್ರೀನ್ ಹಚ್ಚಿದರೆ ಚರ್ಮಕ್ಕೆ ವಯಸ್ಸಾಗುವುದು ನಿಜವಾಗಿಯೂ ತಡವಾಗುತ್ತದೆಯೇ? ಆಸ್ಟ್ರೇಲಿಯಾದ ನಾಂಬೂರ್ ಎಂಬ ಊರಿನಲ್ಲಿ ಇದನ್ನು ಪರೀಕ್ಷೆ ಮಾಡಿದರು. 903 ಜನ, 55 ವರ್ಷದೊಳಗಿನವರು. ಒಂದು ಗುಂಪು ದಿನಾ ಹಚ್ಚಿತು, ಇನ್ನೊಂದು ಗುಂಪು ಮನಸ್ಸು ಬಂದಾಗ ಹಚ್ಚಿತು. ನಾಲ್ಕೂವರೆ ವರ್ಷದ ಮೇಲೆ ನೋಡಿದರೆ ದಿನಾ ಹಚ್ಚಿದವರ ಚರ್ಮದಲ್ಲಿ ಮುಪ್ಪಿನ ಗುರುತು ಶೇ. 24ರಷ್ಟು ಕಡಿಮೆ. 2013ರಲ್ಲಿ ಪ್ರಕಟವಾಯಿತು. ಸಾವಿರಾರು ರೂಪಾಯಿಯ ಸೀರಮ್‌ಗಳಲ್ಲಿ ಎಷ್ಟಕ್ಕೆ ಇಂಥ ಪುರಾವೆ ಇದೆ ಅಂತ ಕೇಳಿದರೆ, ಬಹಳ ಕಡಿಮೆ.

ಆರಿಸುವಾಗ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚು ಇರಲಿ. ಜೊತೆಗೆ ಪಿಎ ಅಂತ ಬರೆದು ಮುಂದೆ ಪ್ಲಸ್ ಗುರುತುಗಳಿರುತ್ತವೆ, ಮೂರೋ ನಾಲ್ಕೋ ಪ್ಲಸ್ ಇರಲಿ. ಎಸ್‌ಪಿಎಫ್ ಮುಖ್ಯವಾಗಿ ಯುವಿಬಿ ಲೆಕ್ಕ, ಪಿಎ ಯುವಿಎ ಲೆಕ್ಕ. ಭಂಗು ಇರುವವರು ಬಣ್ಣ ಬೆರೆತ, ಅಂದರೆ ಟಿಂಟೆಡ್ ಸನ್‌ಸ್ಕ್ರೀನ್ ನೋಡಿ. ಅದರಲ್ಲಿ ಐರನ್ ಆಕ್ಸೈಡ್ ಇರುತ್ತದೆ. ಕಣ್ಣಿಗೆ ಕಾಣುವ ಬೆಳಕು ಕೂಡ ನಮ್ಮ ಚರ್ಮದಲ್ಲಿ ಭಂಗನ್ನು ಹೆಚ್ಚಿಸುತ್ತದೆ. ಅದನ್ನು ತಡೆಯುವ ಶಕ್ತಿ ಐರನ್ ಆಕ್ಸೈಡಿಗಿದೆ, ಸಾಮಾನ್ಯ ಸನ್‌ಸ್ಕ್ರೀನಿಗೆ ಅಷ್ಟಾಗಿ ಇಲ್ಲ.

ಎಲ್ಲರೂ ಎಡವುವುದು ಹಚ್ಚುವ ಪ್ರಮಾಣದಲ್ಲಿ. ಮುಖ, ಕುತ್ತಿಗೆಗೆ ಸೇರಿ ಎರಡು ಬೆರಳಿನ ಉದ್ದಕ್ಕೆ ಹಿಂಡಿದಷ್ಟು ಬೇಕು. 50 ಗ್ರಾಂ ಟ್ಯೂಬ್ ಆರು ತಿಂಗಳು ಬಂತು ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಅವರು ಹಚ್ಚುತ್ತಿಲ್ಲ, ಸುಮ್ನೆ ಸವರುತ್ತಿದ್ದಾರೆ. ಹಾಗಾಗಿ ದುಬಾರಿ ಟ್ಯೂಬ್ ತಂದು ಜಿಪುಣತನ ಮಾಡುವುದಕ್ಕಿಂತ, ಕಡಿಮೆ ಬೆಲೆಯದು ತಂದು ಧಾರಾಳವಾಗಿ ಹಚ್ಚುವುದು ಒಳ್ಳೆಯದು. ಹೊರಗೆ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆಳಿಗ್ಗೆ ಆರಕ್ಕೆ ಕುಂದವಾಡ ಕೆರೆ ಸುತ್ತಿ ಬರುವವರು ಚಿಂತೆ ಮಾಡಬೇಕಿಲ್ಲ. ಹನ್ನೊಂದು ಗಂಟೆಗೆ ಮಂಡಿಪೇಟೆಗೆ ಹೋಗುವವರು ಮಾಡಬೇಕು. ಸೆರಗು, ಕೊಡೆ, ಟೋಪಿ ಇವೂ ಸನ್‌ಸ್ಕ್ರೀನೇ, ಇವಕ್ಕೆ ಎಕ್ಸ್‌ಪೈರಿ ಡೇಟೂ ಇಲ್ಲ.

ಎರಡನೆಯದು ರಾತ್ರಿಯದು. ರೆಟಿನಾಯ್ಡ್ ಎಂಬ ಗುಂಪು. ಎಲ್ಲವೂ ವಿಟಮಿನ್ ಎ ಸಂಬಂಧಿಕರು. ಇವುಗಳಲ್ಲಿ ಹೆಚ್ಚು ಪುರಾವೆ ಇರುವುದು ಟ್ರೆಟಿನಾಯಿನ್‌ಗೆ. ಇದು ಶುರುವಾಗಿದ್ದು ಮೊಡವೆ ಔಷಧವಾಗಿ. ಅಮೆರಿಕದಲ್ಲಿ 1971ರಲ್ಲಿ ಒಪ್ಪಿಗೆ ಸಿಕ್ಕಿತು. ಮೊಡವೆಗೆಂದು ಹಚ್ಚಿದ ದೊಡ್ಡ ವಯಸ್ಸಿನ ಹೆಂಗಸರು ಚರ್ಮ ನಯವಾಯಿತು, ಗೆರೆ ಕಡಿಮೆಯಾಯಿತು ಅಂದರು. ಫಿಲಡೆಲ್ಫಿಯಾದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಅದರ ಬೆನ್ನುಹತ್ತಿದರು. 1986ರಲ್ಲಿ ಬಿಸಿಲಿಗೆ ಹಾಳಾದ ಚರ್ಮ ಇದರಿಂದ ಸುಧಾರಿಸುತ್ತದೆ ಎಂದು ಬರೆದರು. ಇದೇ ಕ್ಲಿಗ್‌ಮನ್ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದವರು. ಆ ಕೈದಿಗಳಲ್ಲಿ ಬಹುಪಾಲು ಕಪ್ಪು ಜನ. ನಮ್ಮ ಡ್ರೆಸ್ಸಿಂಗ್ ಟೇಬಲ್ಲಿನ ಮೇಲಿರುವ ಟ್ಯೂಬಿನ ಹಿಂದೆ ಆ ಕಥೆಯೂ ಇದೆ. ನಾನು ವಿದ್ಯಾರ್ಥಿಗಳಿಗೆ ಅದನ್ನು ಬಿಟ್ಟು ಪಾಠ ಮಾಡುವುದಿಲ್ಲ.

ಟ್ರೆಟಿನಾಯಿನ್ ನಮ್ಮಲ್ಲಿ ಔಷಧ. ಡಾಕ್ಟರ್ ಚೀಟಿ ಬೇಕು. ಅಂಗಡಿಯಲ್ಲಿ ಕಾಸ್ಮೆಟಿಕ್ ಅಂತ ಸಿಗುವುದು ಅದರ ತಂಗಿಯರು. ರೆಟಿನಾಲ್ ಚರ್ಮದೊಳಗೆ ಹೋಗಿ ಮೊದಲು ರೆಟಿನಾಲ್ಡಿಹೈಡ್ ಆಗಬೇಕು, ಆಮೇಲೆ ರೆಟಿನಾಯಿಕ್ ಆಮ್ಲ, ಅಂದರೆ ಟ್ರೆಟಿನಾಯಿನ್, ಆಗಬೇಕು. ಆಗಲೇ ಕೆಲಸ. ಪ್ರತಿ ಹಂತದಲ್ಲೂ ಒಂದಿಷ್ಟು ಸೋರಿಹೋಗುತ್ತದೆ. ಅದಕ್ಕೇ ರೆಟಿನಾಲ್ ನಿಧಾನ, ಆದರೆ ಉರಿಯೂ ಕಡಿಮೆ. ರೆಟಿನೈಲ್ ಪಾಮಿಟೇಟ್ ಅಂತ ಬರೆದಿದ್ದರೆ ಅದು ಇನ್ನೂ ಹಿಂದೆ. ಅದರಿಂದ ಜಾಸ್ತಿ ನಿರೀಕ್ಷೆ ಬೇಡ. ಶೇಕಡಾ ಒಂದರ ರೆಟಿನಾಲ್ ಅಂತ ದೊಡ್ಡ ಅಕ್ಷರದಲ್ಲಿ ಬರೆದದ್ದು ನೋಡಿ ಮರುಳಾಗಬೇಡಿ. ಯುರೋಪಿನವರು 2024ರ ನಿಯಮದಲ್ಲಿ ಮುಖದ ಕ್ರೀಮಿಗೆ 0.3 ಶೇಕಡಾ ಅಂತ ಮಿತಿ ಹಾಕಿದ್ದಾರೆ. ನಮ್ಮ ಚರ್ಮಕ್ಕೆ ಅಲ್ಲಿಂದ ಶುರು ಮಾಡುವುದೇ ಬೇಕಾದಷ್ಟಾಯಿತು.

ಹಚ್ಚುವುದು ಹೇಗೆ? ವಾರಕ್ಕೆ ಎರಡು ರಾತ್ರಿ, ಬಟಾಣಿ ಕಾಳಿನಷ್ಟು, ಇಡೀ ಮುಖಕ್ಕೆ. ಮುಖ ಪೂರ್ತಿ ಒಣಗಿರಬೇಕು. ಮೇಲೆ ಮಾಯಿಶ್ಚರೈಸರ್. ಮೊದಲ ವಾರಗಳಲ್ಲಿ ಚರ್ಮ ಸ್ವಲ್ಪ ಏಳುತ್ತದೆ. ಏಳುವುದು ಸರಿ. ಕೆಂಪಗಾಗಿ ಉರಿಯುವುದು ಸರಿಯಲ್ಲ. ಆಗ ನಿಲ್ಲಿಸಿ, ಗುಣವಾದ ಮೇಲೆ ಇನ್ನೂ ನಿಧಾನವಾಗಿ ಶುರುಮಾಡಿ. ಮೂರು ತಿಂಗಳಿಗೆ ಮುಂಚೆ ಫಲ ಕೇಳಬೇಡಿ. ಬಸುರಿಯರು, ಬಸುರಾಗುವ ಯೋಚನೆಯಲ್ಲಿರುವವರು ಈ ಗುಂಪಿನ ಯಾವುದನ್ನೂ ಮುಟ್ಟಬಾರದು. ಸೊಸೆ ಟೇಬಲ್ ಮೇಲೆ ಅತ್ತೆಯ ಟ್ಯೂಬ್ ಇದ್ದರೆ ಒಂದು ಮಾತು ಹೇಳಿಬಿಡಿ.

ರೆಟಿನಾಲ್ ಬದಲು 'ಗಿಡಮೂಲಿಕೆಯ ಬಕುಚಿಯೋಲ್' ಅಂತ ಈಗ ಮಾರುತ್ತಿದ್ದಾರೆ. ಇದು ನಮ್ಮ ಬಾವಂಚಿ ಬೀಜದಿಂದ ಬರುವುದು. 44 ಜನರ ಮೇಲೆ ಹನ್ನೆರಡು ವಾರ ಮಾಡಿದ ಒಂದು ಪರೀಕ್ಷೆಯಲ್ಲಿ ಅದು ರೆಟಿನಾಲ್‌ಗೆ ಸಮವಾಗಿ ಕೆಲಸ ಮಾಡಿತು, ಉರಿಯೂ ಕಡಿಮೆ. 44 ಜನ ಅಂದರೆ ಸಣ್ಣ ಪರೀಕ್ಷೆ. ಭರವಸೆ ಇದೆ ಅನ್ನಬಹುದು, ಅಷ್ಟೇ. ಆದರೆ ಗ್ರಂಥಿಗೆ ಅಂಗಡಿಯಿಂದ ಬಾವಂಚಿ ತಂದು ಮನೆಯಲ್ಲೇ ಎಣ್ಣೆ ಕಾಯಿಸುವ ಸಾಹಸ ಬೇಡ. ಆ ಬೀಜದಲ್ಲಿ ಸೊರಾಲೆನ್ ಇದೆ. ತೊನ್ನಿನ ಚಿಕಿತ್ಸೆಯಲ್ಲಿ ಚರ್ಮ ಬೆಳಕಿಗೆ ಬೇಗ ಸ್ಪಂದಿಸಲಿ ಅಂತ ಬಳಸುವ ವಸ್ತು ಅದು. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳುತ್ತದೆ.

ವಿಟಮಿನ್ ಸಿ ಸೀರಮ್ ಬಗ್ಗೆ ಬೇಗ ಹೇಳುತ್ತೇನೆ. ಒಳ್ಳೆಯ ವಸ್ತು, ಆದರೆ ಬಾಳುವುದಿಲ್ಲ. ಗಾಳಿ, ಬೆಳಕು, ಶಾಖ ತಗುಲಿದರೆ ಹೆಚ್ಚಿಟ್ಟ ಬದನೆಕಾಯಿಯ ಹಾಗೆ ಕಂದಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಕೊರಿಯರ್ ಗಾಡಿಯಲ್ಲಿ ಬೆಂದು ಬಂದ ಬಾಟಲಿ ಯಾವ ಗತಿಯಲ್ಲಿರುತ್ತದೆ ಯೋಚಿಸಿ. ಕೆಲಸ ಮಾಡುವ ಆಸ್ಕಾರ್ಬಿಕ್ ಆಮ್ಲಕ್ಕೆ ಪಿಎಚ್ 3.5ಕ್ಕಿಂತ ಕಡಿಮೆ ಇರಬೇಕು. ಅಷ್ಟು ಹುಳಿ ಎಲ್ಲರ ಚರ್ಮಕ್ಕೂ ಒಗ್ಗುವುದಿಲ್ಲ. ಶೇ. 20ಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿ ಲಾಭವೂ ಇಲ್ಲ. ನನ್ನನ್ನು ಕೇಳಿದರೆ ನಮ್ಮೂರಿನ ಹವೆಗೆ ನಯಾಸಿನಮೈಡ್ ವಾಸಿ. ಇದು ವಿಟಮಿನ್ ಬಿ3. ಅಗ್ಗ, ಕೆಡುವುದಿಲ್ಲ, ಉರಿಯುವುದು ಅಪರೂಪ. ಕಲೆಯನ್ನೂ ಸಣ್ಣ ಗೆರೆಯನ್ನೂ ತುಸು ತಗ್ಗಿಸುತ್ತದೆ. ಶೇ. 5 ಸಾಕು. ಹತ್ತರದ್ದು ಕೊಂಡು ಮುಖ ಕೆಂಪು ಮಾಡಿಕೊಳ್ಳಬೇಡಿ.

ಗ್ಲೈಕಾಲಿಕ್ ಆಮ್ಲ ಹೊಳಪು ಕೊಡುತ್ತದೆ, ಆದರೆ ಬಿಸಿಲಿಗೆ ಚರ್ಮವನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ರೆಟಿನಾಲ್ ಹಚ್ಚಿದ ರಾತ್ರಿಯೇ ಇದನ್ನೂ ಹಚ್ಚಬೇಡಿ. ಹಯಲುರಾನಿಕ್ ಆಮ್ಲ ಚರ್ಮದಲ್ಲಿ ನೀರು ಹಿಡಿದಿಡುತ್ತದೆ. ಗೆರೆ ಮುಚ್ಚಿದ ಹಾಗೆ ಕಾಣುತ್ತದೆ, ಮುಖ ತೊಳೆದರೆ ಮತ್ತೆ ಹಾಗೇ. ಇನ್ನು ಕೊಲಾಜೆನ್ ಕ್ರೀಮು. ಹೊರಗಿನಿಂದ ಚರ್ಮ ದಾಟಬೇಕಾದರೆ ಒಂದು ವಸ್ತುವಿನ ಕಣ ಸುಮಾರು 500 ಡಾಲ್ಟನ್ ಒಳಗಿರಬೇಕು (ಡಾಲ್ಟನ್ ಅಂದರೆ ಕಣದ ತೂಕದ ಅಳತೆ). ಕೊಲಾಜೆನ್ ಸುಮಾರು 3 ಲಕ್ಷ ಡಾಲ್ಟನ್. ಬಾಗಿಲಲ್ಲೇ ನಿಲ್ಲುತ್ತದೆ. ಅದು ಬರೀ ಮಾಯಿಶ್ಚರೈಸರ್, ಮೂರು ಪಟ್ಟು ಬೆಲೆಗೆ.

ಈಗ ನನಗೆ ಸಿಟ್ಟು ಬರುವ ವಿಷಯ. ಮೆಡಿಕಲ್ ಶಾಪಿಗೆ ಹೋಗಿ 'ಭಂಗಿಗೆ ಏನಾದ್ರೂ ಕೊಡಪ್ಪಾ' ಅಂತ ಕೇಳುತ್ತೇವೆ. ಕೌಂಟರಿನ ಹುಡುಗ ಒಂದು ಟ್ಯೂಬ್ ಕೊಡುತ್ತಾನೆ. ಎಂಟೇ ದಿನದಲ್ಲಿ ಮುಖ ಬೆಳ್ಳಗೆ, ನಯವಾಗಿ. ಅಕ್ಕನಿಗೂ ಹೇಳುತ್ತೇವೆ, ನಾದಿನಿಗೂ ಹೇಳುತ್ತೇವೆ. ಆ ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಮೂರು ಹೆಸರಿರುತ್ತವೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಕೊನೆಯದು ಸ್ಟೀರಾಯ್ಡ್. ಡಾಕ್ಟರ್ ಇದನ್ನು ಕೆಲವು ವಾರಕ್ಕೆ ಅಂತ ಬರೆದುಕೊಡುತ್ತಾರೆ. ನಾವು ವರ್ಷಗಟ್ಟಲೆ ಹಚ್ಚುತ್ತೇವೆ. ಚರ್ಮ ತೆಳ್ಳಗಾಗಿ ಒಳಗಿನ ರಕ್ತನಾಳ ಕಾಣುತ್ತವೆ, ಕೂದಲು ಬೆಳೆಯುತ್ತದೆ, ಮೊಡವೆ ಏಳುತ್ತವೆ. ಬಿಟ್ಟರೆ ಬೆಂಕಿಯಂಥ ಉರಿ, ಅದಕ್ಕೆ ಮತ್ತೆ ಹಚ್ಚುತ್ತೇವೆ. 2018ರಲ್ಲಿ ಸರ್ಕಾರ ಹದಿನಾಲ್ಕು ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಆದರೂ ಚೀಟಿ ಇಲ್ಲದೆ ಸಿಗುತ್ತದೆ. ವರ್ಷಗಟ್ಟಲೆ ಹಚ್ಚಿದವರು ಯಾರಾದರೂ ಇಲ್ಲಿದ್ದರೆ ಇವತ್ತೇ ಎಸೆಯಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ ಬಿಡುವ ದಾರಿ ಕೇಳಿ.

ಇನ್ನೊಂದು, ವಿಳಾಸವೇ ಇಲ್ಲದ ಬಿಳಿ ಮಾಡುವ ಕ್ರೀಮು. ಇಂಥವುಗಳಲ್ಲಿ ಪಾದರಸ ಸಿಕ್ಕಿದೆ. ಕೇರಳದ ಮಲಪ್ಪುರಂನಲ್ಲಿ 2023ರಲ್ಲಿ ಇಂಥ ಕ್ರೀಮು ಹಚ್ಚಿದವರಿಗೆ ಕಿಡ್ನಿ ತೊಂದರೆ ಬಂದದ್ದು ಪತ್ತೆಯಾಯಿತು. ಡಬ್ಬಿ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗಿರುವ ವಸ್ತುಗಳ ಪಟ್ಟಿ ಇರಲೇಬೇಕು. ಇಲ್ಲದಿದ್ದರೆ ಯಾರು ಕೊಟ್ಟರೂ ಬೇಡ, ದುಬೈನಿಂದ ತಮ್ಮ ತಂದರೂ ಬೇಡ. ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಶೇ. 1ಕ್ಕಿಂತ ಕಡಿಮೆ ಇರುವವನ್ನು ಹೇಗೆ ಬೇಕಾದರೂ ಬರೆಯಬಹುದು. ಮುಂದೆ ಕೇಸರಿ ಹೂವಿನ ಚಿತ್ರ, ಹಿಂದೆ ಪಟ್ಟಿಯ ಕೊನೆಯಲ್ಲಿ ಕೇಸರಿ ಇದ್ದರೆ, ನೀವು ಕೊಂಡದ್ದು ಚಿತ್ರ.

ಎರಡು ಚೀಟಿ ಬಂದಿವೆ. ಮೊದಲನೆಯದು: 'ಕೊಲಾಜೆನ್ ಪುಡಿ ಹಾಲಲ್ಲಿ ಕುಡಿದರೆ?' ಲಾಭ ಇದೆ ಅಂತ ಹೇಳುವ ಅಧ್ಯಯನಗಳಿವೆ. ಆದರೆ 2025ರಲ್ಲಿ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆಯಲ್ಲಿ, ಕಂಪನಿ ದುಡ್ಡು ಇಲ್ಲದೆ ನಡೆದವುಗಳಲ್ಲಿ ಲಾಭ ಕಾಣಲಿಲ್ಲ. ಆ ದುಡ್ಡಿಗೆ ಮೊಟ್ಟೆಯೋ ಬೇಳೆಯೋ ತನ್ನಿ.

ಎರಡನೆಯದು: 'ಹದಿನಾಲ್ಕು ವರ್ಷದ ಮಗಳು ರೀಲ್ಸ್ ನೋಡಿ ರೆಟಿನಾಲ್ ಬೇಕು ಅಂತಾಳೆ.' ಬೇಡ. ಅವಳಿಗೆ ಮೃದುವಾದ ಫೇಸ್‌ವಾಶ್, ಸಾದಾ ಮಾಯಿಶ್ಚರೈಸರ್, ಸ್ಕೂಲಿಗೆ ಹೋಗುವಾಗ ಸನ್‌ಸ್ಕ್ರೀನ್ ಸಾಕು. ಮೊಡವೆ ಇದ್ದರೆ ಡಾಕ್ಟರಿಗೆ ತೋರಿಸಿ. ಅವರು ಅಡಾಪಲೀನ್ ಕೊಡಬಹುದು. ಅದೂ ರೆಟಿನಾಯ್ಡೇ, ಆದರೆ ಮೊಡವೆಯ ಔಷಧವಾಗಿ, ಡಾಕ್ಟರ್ ಲೆಕ್ಕದಲ್ಲಿ. ಟ್ಯೂಬುಗಳನ್ನು ಚೀಲದಲ್ಲಿ ತಂದವರು ಮುಂದೆ ಬನ್ನಿ, ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದೋಣ.